ರಾಕ್ ಗಿಟಾರ್ ಹಿಡಿದು ಮುಂಬೈಯಲ್ಲಿ ಬದುಕೋದು

ಬರೀ ರಾಕ್ ಬ್ಯಾಂಡಿನ ದುಡ್ಡಲ್ಲಿ ಮುಂಬೈಯಲ್ಲಿ ಮನೆ ಬಾಡಿಗೆ ಕಟ್ಟುವ ಗಿಟಾರಿಸ್ಟನ್ನು ನಾನಂತೂ ನೋಡಿಲ್ಲ. ಶೋಗೆ ಸಿಕ್ಕಿದ್ದನ್ನು ನಾಲ್ಕು ಜನ ಹಂಚಿಕೊಂಡು, ಪ್ರಾಕ್ಟೀಸ್ ರೂಮಿನ ಬಾಡಿಗೆ, ಟೆಂಪೋ ಖರ್ಚು ಕಳೆದರೆ ಹೊಸ ತಂತಿ ಸೆಟ್ಟಿಗೆ ಸಾಕಾಗುತ್ತದೆ, ಅಷ್ಟೇ. ಆದರೂ ಬ್ಯಾಂಡ್ ಬಿಟ್ಟಿಲ್ಲ. ಬ್ಯಾಂಡಿನ ಹೊರಗೆ ಗಿಟಾರ್ ಏನು ಕೆಲಸ ಹೇಳಿದರೂ ಮಾಡಿದ್ದೇನೆ, ಅದಕ್ಕೇ ಬಿಡಬೇಕಾಗಿ ಬರಲಿಲ್ಲ.

ನಮ್ಮದು ಮಾಟುಂಗ. ಅಪ್ಪ ಕುಂದಾಪುರದ ಕಡೆಯವರು, ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ನಾನು ಕಲಿಯುವಾಗ ಮುಂಬೈ ಹುಡುಗರಿಗೆ ರಾಕ್ ಅಂದರೆ ರಂಗಭವನ. ಸೇಂಟ್ ಝೇವಿಯರ್ಸ್ ಕಾಲೇಜಿನ ಹತ್ತಿರದ ಬಯಲು ರಂಗಮಂದಿರ ಅದು. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಅನ್ನೋ ರಾಕ್ ಉತ್ಸವ ಹೆಸರು ಮಾಡಿದ್ದು ಅಲ್ಲೇ. ಆಮೇಲೆ ಆಸ್ಪತ್ರೆ, ಕಾಲೇಜು ಹತ್ತಿರ ಇದೆ, ಇದು ನಿಶ್ಶಬ್ದ ವಲಯ ಅಂತ ಅಲ್ಲಿ ಸದ್ದು ನಿಂತಿತು. ನಮಗೆ ಉಳಿದದ್ದು ಪಬ್ಬು, ಕಾಲೇಜು ಫೆಸ್ಟು.

2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಬಯಲಲ್ಲಿ ರಾತ್ರಿ 10ಕ್ಕೆ ಸ್ಪೀಕರ್ ಬಂದ್. ಫೆಸ್ಟು ಹೇಳಿದ ಟೈಮಿಗೆ ಯಾವತ್ತು ಶುರುವಾಗಿದೆ? ಕೊನೆಯ ಬ್ಯಾಂಡಿನ ಅರ್ಧ ಹಾಡು ಹೋಗುತ್ತದೆ. ಹಾಗಾಗಿ ನಾವು ಗಟ್ಟಿ ಹಾಡುಗಳನ್ನು ಮೊದಲೇ ಇಡುತ್ತೇವೆ.

ಶೋ ಮಾಡುವವನಿಗೆ ಸೋಲೋ (ಗಿಟಾರ್ ಒಂದೇ ಮುಂದೆ ಬಂದು ನುಡಿಯೋದು) ಎಷ್ಟು ಬರಬೇಕೋ ಕರೆಂಟೂ ಅಷ್ಟೇ ಗೊತ್ತಿರಬೇಕು. ಸೀರಿಯಲ್ ಲೈಟು, ಡಿಮ್ಮರು, ಆಂಪ್ಲಿಫೈಯರ್ ಎಲ್ಲಾ ಒಂದೇ ಲೈನಿಗೆ ಸಿಕ್ಕಿಸಿರುತ್ತಾರೆ. ಪಿಕಪ್ ಅಂದರೆ ತಂತಿಯ ಕಂಪನವನ್ನು ಆಂಪಿಗೆ ಸಿಗ್ನಲ್ ಮಾಡಿ ಕಳಿಸುವ ಭಾಗ. ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ ಇರುವ ಗಿಟಾರ್ ಆ 50 ಹರ್ಟ್ಝ್ ಕರೆಂಟಿನ ಗುಂಯ್ ಸದ್ದನ್ನು ಎಳೆದುಕೊಳ್ಳುತ್ತದೆ. ಆಂಪಿಗೆ ಮುಖ ಕೊಡದೆ ಸ್ವಲ್ಪ ಓರೆಯಾಗಿ ನಿಂತು ನೋಡಿ, ಒಂದು ಕೋನದಲ್ಲಿ ಸದ್ದು ತಗ್ಗುತ್ತದೆ. ಹಂಬಕರ್ ಅನ್ನೋ ಪಿಕಪ್ಪಿನಲ್ಲಿ ಎರಡು ಕಾಯಿಲ್, ಒಂದರ ಗುಂಯ್ ಇನ್ನೊಂದು ಕಳೆಯುತ್ತದೆ, ತಂತಿಯ ನಾದ ಮಾತ್ರ ಕೂಡುತ್ತದೆ. ಹೊರಗಿನ ಶೋಗೆ ನಾನು ಒಯ್ಯೋದು ಅದನ್ನೇ. ಅರ್ಥಿಂಗ್ ಇಲ್ಲದ ಕಡೆ ಗಿಟಾರಿನ ತಂತಿ ಹಿಡಿದುಕೊಂಡು ಮೈಕಿಗೆ ತುಟಿ ತಾಗಿಸಿದರೆ ಶಾಕ್ ಹೊಡೆಯಬಹುದು. ಜೀವಕ್ಕೇ ಬರಬಹುದು. ಹಾಡುವ ಮೊದಲು ಟೆಸ್ಟರ್ ಹಿಡಿದು ಮೈಕಿನ ಜಾಲರಿ ಮುಟ್ಟಿ ನೋಡುತ್ತೇನೆ. ದೀಪ ಹತ್ತಿದರೆ ಎಲೆಕ್ಟ್ರಿಷಿಯನ್ ಬರುವವರೆಗೆ ಗಿಟಾರ್ ಚೀಲದಲ್ಲೇ.

ಇನ್ನು ತಂತಿ. ಮಳೆಗಾಲದಲ್ಲಿ ಇಲ್ಲಿನ ತೇವಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಬೇಕು, ತಂತಿಯ ಕೆಳಗೂ. ನಮ್ಮ ಹಾಡುಗಾರನ ಗಂಟಲಿಗಾಗಿ ಅರ್ಧ ಸ್ವರ ಇಳಿಸಿ ಶ್ರುತಿ ಮಾಡುತ್ತೇವೆ. ಇಳಿಸಿದಾಗ ತೆಳು ಅಳತೆಯ 9ರ ತಂತಿ ಸಡಿಲವಾಗಿ ಫ್ರೆಟ್ಟಿಗೆ, ಅಂದರೆ ಗಿಟಾರಿನ ಕುತ್ತಿಗೆಯ ಲೋಹದ ಪಟ್ಟಿಗೆ ಬಡಿಯಿತು. ಸ್ವಲ್ಪ ದಪ್ಪದ 10ಕ್ಕೆ ಬದಲಾಯಿಸಿದೆ, ಸರಿಹೋಯಿತು.

ಮನೆ ನಡೆಸಿದ್ದು ಅಂಧೇರಿ ಕಡೆಯ ಸ್ಟುಡಿಯೋಗಳು. ಜಾಹೀರಾತಿನ ಜಿಂಗಲ್ ಅಂದರೆ ಮೂವತ್ತು ಸೆಕೆಂಡು. ಹೆಡ್‌ಫೋನಿನಲ್ಲಿ ತಾಳದ ಕ್ಲಿಕ್ ಬಡಿಯುತ್ತಿರುತ್ತದೆ, ಹೇಳಿದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳು) ಹೇಳಿದ ಕಡೆ ಬೀಳಬೇಕು. ಅಲ್ಲಿ ನಿಮ್ಮ ಸ್ಟೈಲ್ ಯಾರಿಗೂ ಬೇಡ. ದುಡ್ಡು ಬರೋದು ಮಾತ್ರ ತಿಂಗಳುಗಟ್ಟಲೆ ತಡ.

ಅದರ ಜೊತೆಗೆ ಕನ್ನಡ ಸಂಘಗಳ ರಾಜ್ಯೋತ್ಸವದ ಆರ್ಕೆಸ್ಟ್ರಾ. ಹಳೇ ಸಿನಿಮಾ ಹಾಡಿಗೆ ನಾನು ಡಿಸ್ಟಾರ್ಶನ್ (ಗಿಟಾರಿನ ಸದ್ದನ್ನು ಒರಟು ಮಾಡುವ ಪೆಡಲ್) ಒತ್ತಿದ ಕೂಡಲೇ ಮುಂದಿನ ಸಾಲಿನಿಂದ ಒಬ್ಬರು, "ಮಾರಾಯ್ರೆ, ಅದನ್ನು ಸ್ವಲ್ಪ ಮೆಲ್ಲ ಮಾಡಿ, ಹಾಡು ಕೇಳ್ಲಿ" ಅಂದರು. ಅವರು ಹೇಳಿದ್ದು ಸರಿಯೇ. ಗಿಟಾರಿನ ಮಿಡ್, ಅಂದರೆ ಮಧ್ಯದ ಸ್ವರಗಳ ಸದ್ದು ಜಾಸ್ತಿಯಾದರೆ ಹಾಡುವವನ ದನಿ ಮುಚ್ಚಿಹೋಗುತ್ತದೆ. ಈಗ ಬ್ಯಾಂಡಿನಲ್ಲೂ ಅವನು ಹಾಡುವಾಗ ಗಿಟಾರಿನ ವಾಲ್ಯೂಮ್ ಏಳಕ್ಕೆ ಇಳಿಸುತ್ತೇನೆ, ಸೋಲೋಗೆ ಮಾತ್ರ ಹತ್ತು.

ಸಂಜೆ ಪಾಠ ಹೇಳುತ್ತೇನೆ. ಬರುವ ಹುಡುಗರಿಗೆಲ್ಲ ಮೊದಲ ದಿನವೇ ಸೋಲೋ ಬೇಕು. ನಾನು ಎಡಗೈಯಿಂದ ತಂತಿ ಮುಚ್ಚಿಸಿ, ತಾಳ ಬಡಿಯುವ ಮೆಟ್ರೋನೋಮ್ ನಿಮಿಷಕ್ಕೆ 60ಕ್ಕೆ ಇಟ್ಟು, ಬರೀ ಬಲಗೈ ಆಡಿಸುತ್ತೇನೆ. ಕೆಲವರು ಬೇಜಾರಾಗಿ ಬಿಟ್ಟುಹೋಗುತ್ತಾರೆ. ಉಳಿದವರಲ್ಲಿ ಒಬ್ಬ ಈಗ ನಮ್ಮ ಬ್ಯಾಂಡಿನಲ್ಲೇ ರಿದಮ್ ಗಿಟಾರ್.