ಹಿಕ್ಕೆ ಎಣಿಸಿ ಟಗರು ಆರಿಸಿದ್ದು

ಜಂತುಹುಳುವಿಗೆ ಯಾವ ತಳಿ ಗಟ್ಟಿ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ತಳಿಯನ್ನು ಬಿಡಿ, ಟಗರನ್ನು ನೋಡಿ. ಶಿರಾ ಸೀಮೆಯಲ್ಲಿ ಈ ಮಾತಿಗೆ ನಕ್ಕವರೇ ಹೆಚ್ಚು. ಈಗ ಅವರೇ ಟಗರುಮರಿಗೆ ಮುಂಗಡ ಹಿಡಿದು ಬರುತ್ತಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ನನ್ನದು 120ರ ಆಸುಪಾಸಿನ ಹಿಂಡು. ಬಹುಪಾಲು ಬಳ್ಳಾರಿ ಕುರಿ, ಜೊತೆಗೆ ಒಂದಿಷ್ಟು ಬನ್ನೂರು. ಮೇಯುವುದು ಕೆರೆಯಂಗಳದಲ್ಲಿ. ಮಳೆ ಹಿಡಿದು ಹುಲ್ಲು ಚಿಗುರಿದ ಕೆಲವೇ ವಾರಗಳಲ್ಲಿ ರಕ್ತ ಹೀರುವ ಜಂತುಹುಳು ಹೆಚ್ಚಿ, ಗಲ್ಲದ ಕೆಳಗೆ ನೀರು ತುಂಬಿಕೊಂಡು ಮರಿಗಳು ಬೀಳುತ್ತಿದ್ದವು. ವರ್ಷಕ್ಕೆ ನಾಲ್ಕೈದು ಬಾರಿ ಇಡೀ ಹಿಂಡಿಗೆ ಔಷಧ ಕುಡಿಸುತ್ತಿದ್ದೆ. ಅದಕ್ಕೇ 18–20 ಸಾವಿರ ಹೋಗುತ್ತಿತ್ತು. ಮೊದಲು ಆಲ್ಬೆಂಡಜೋಲ್ ಕೈಕೊಟ್ಟಿತು. ಫೆನ್‌ಬೆಂಡಜೋಲ್ ಅದರದೇ ದಾಯಾದಿ, ಅದೂ ನಡೆಯಲಿಲ್ಲ. ಐವರ್‌ಮೆಕ್ಟಿನ್ ಕೆಲಕಾಲ ನಡೆದು ಸೋತಿತು. ಔಷಧದಂಗಡಿಯವನು ಪ್ರತಿ ಸಲವೂ ಹೆಚ್ಚು ಬೆಲೆಯ ಬಾಟಲಿಯನ್ನೇ ಮುಂದಿಡುತ್ತಿದ್ದ.

ಆಮೇಲೆ ಕಣ್ಣಿನ ಒಳರೆಪ್ಪೆ ಬಿಳಿಚಿದವಕ್ಕೆ ಮಾತ್ರ ಔಷಧ ಕೊಡತೊಡಗಿದೆ. ರೆಪ್ಪೆಯ ಬಣ್ಣ ಹೋಲಿಸಿ ರಕ್ತ ಎಷ್ಟು ಇಳಿದಿದೆ ಎಂದು ಹೇಳುವ ಫಮಾಚಾ ಕಾರ್ಡು ಹಿಡಿದು ರೊಪ್ಪದಲ್ಲಿ ನಿಂತರೆ ಒಂದು ಬೆಳಗಿನ ಕೆಲಸ. ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು, ಆದರೆ ಮರಿಗಳ ಸಾವು ನಿಲ್ಲಲಿಲ್ಲ. ಯಾಕೆಂದು ತಿಳಿಯಲು, ಹಿಕ್ಕೆಯಲ್ಲಿನ ಹುಳುವಿನ ಮೊಟ್ಟೆ ಎಣಿಸೋಣವೆಂದು 7–8 ಸಾವಿರಕ್ಕೆ ಹಳೆಯ ಸೂಕ್ಷ್ಮದರ್ಶಕವೊಂದನ್ನು ತಂದೆ. ಎಣಿಕೆಯ ಗಾಜಿನ ಪಟ್ಟಿಗೆ ಬೇರೆ ದುಡ್ಡು. ಮೊಟ್ಟೆ ತೇಲಿಸುವ ದ್ರಾವಣಕ್ಕೆ ಅಡುಗೆ ಉಪ್ಪೇ ಸಾಕು. ‘ಓದಿದವನು ಹಿಕ್ಕೆ ಎಣಿಸುತ್ತಿದ್ದಾನೆ’ ಎಂದು ಊರೆಲ್ಲ ಆಡಿಕೊಂಡಿತು.

ಎಣಿಸಿದಾಗ ಸಿಕ್ಕ ಕಳ್ಳ ಯಾರು ಗೊತ್ತೇ? ಹಿಂಡಿನ ರಾಜನಂತಿದ್ದ ಬೀಜದ ಟಗರು! ರೆಪ್ಪೆ ಕೆಂಪು, ಮೈ ತುಂಬಿಕೊಂಡಿದೆ, ಒಂದು ಗ್ರಾಂ ಹಿಕ್ಕೆಯಲ್ಲಿ ಮಾತ್ರ 3,000ಕ್ಕೂ ಮೇಲೆ ಮೊಟ್ಟೆ. ಹುಳುವನ್ನು ಅದು ತಾಳಿಕೊಳ್ಳುತ್ತಿತ್ತೇ ಹೊರತು ತಡೆಯುತ್ತಿರಲಿಲ್ಲ. ತಾನು ಚೆನ್ನಾಗಿದ್ದು ಅಂಗಳವೆಲ್ಲ ಮೊಟ್ಟೆ ಚೆಲ್ಲುತ್ತಿತ್ತು. ಅದರ ಮರಿಗಳ ಎಣಿಕೆಯೂ ಹಾಗೆಯೇ ಬಂತು. ಬೀಜಕ್ಕೆಂದು 30 ಸಾವಿರಕ್ಕೆ ಕೇಳಿದವರಿದ್ದರು. ಕೊಡದೆ ಬಕ್ರೀದಿಗೆ ಮಾರಿದೆ, ನಾಲ್ಕೈದು ಸಾವಿರ ಕಡಿಮೆಗೆ. ಮನೆಯಲ್ಲಿ ಒಂದು ವಾರ ಮಾತಿಲ್ಲ.

ಅದೇ ರೊಪ್ಪದಲ್ಲಿ, ಅದೇ ಮೇವು ತಿಂದು, ಮೊಟ್ಟೆಯ ಎಣಿಕೆ 200 ದಾಟದ ಮರಿಗಳೂ ಇದ್ದವು. ಬಳ್ಳಾರಿಯಲ್ಲೂ ಇದ್ದವು, ಬನ್ನೂರಿನಲ್ಲೂ ಇದ್ದವು. ಎರಡು ತಳಿಗಳ ನಡುವಿನ ಅಂತರಕ್ಕಿಂತ ಒಂದೇ ತಳಿಯೊಳಗಿನ ಅಂತರ ದೊಡ್ಡದಾಗಿ ಕಂಡಿತು. ತಳಿಯ ಗುಣವೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಮಹಾರಾಷ್ಟ್ರದ ಫಲ್ಟಣದಲ್ಲಿ ಸುಂದರಬನದ ಗರೋಲ್ ಟಗರನ್ನು ದಖನಿ, ಬನ್ನೂರು ಕುರಿಗಳಿಗೆ ಬಿಟ್ಟು ನೋಡಿದ್ದಾರೆ. ಮಿಶ್ರ ಮರಿಗಳು ಹುಳುವನ್ನು ಚೆನ್ನಾಗಿಯೇ ತಡೆದವು. ಆದರೆ ಗರೋಲ್ ಎಂದರೆ ಗಿಡ್ಡ ಜಾತಿ. ಅದರ ರಕ್ತ ಬೆರೆತು ಚಿಕ್ಕದಾದ ಮರಿಗೆ ನಮ್ಮ ಸಂತೆಯಲ್ಲಿ ಯಾರು ಬೆಲೆ ಕಟ್ಟುತ್ತಾರೆ?

ಕಡಿಮೆ ಎಣಿಕೆಯವನ್ನು ಬೀಜಕ್ಕೆ ಆರಿಸಲು ನಾನು ಎಣಿಸುವುದು ನಾಲ್ಕೈದು ತಿಂಗಳ ಟಗರುಮರಿಗಳನ್ನು, ಅವು ಮಳೆಗಾಲದ ಹುಲ್ಲು ಮೇದ ಮೇಲೆ. ಅದಕ್ಕೆ ಮುಂಚಿನ ಒಂದೂವರೆ ತಿಂಗಳು ಔಷಧವಿಲ್ಲ. ತೀರಾ ಬಿಳಿಚಿದ್ದಕ್ಕೆ ಕುಡಿಸಿ ಬೀಜದ ಪಟ್ಟಿಯಿಂದ ತೆಗೆಯುತ್ತೇನೆ. ಈದ ಹೊಸದರಲ್ಲಿ ಹೆಣ್ಣುಕುರಿಯ ಎಣಿಕೆ ನೋಡಿ ಮಾರಬೇಡಿ, ಆಗ ಒಳ್ಳೆಯದರದ್ದೂ ಏರಿರುತ್ತದೆ. ಕೆರೆಯಂಗಳದವರಿಗೆ ಇನ್ನೊಂದು ಮಾತು: ಬಿಳಿಚಿದ್ದೆಲ್ಲ ಈ ಹುಳುವಿನಿಂದಲೇ ಅಲ್ಲ, ಯಕೃತ್ತಿನ ಚಪ್ಪಟೆ ಹುಳುವೂ ರಕ್ತ ಇಳಿಸುತ್ತದೆ.

ನಡುವೆ ಬೇವಿನ ಸೊಪ್ಪು ತಿನ್ನಿಸಿ ನೋಡಿದೆ. ಎಣಿಕೆ ಕದಲಲಿಲ್ಲ. ಕರಿಜಾಲಿ ಕಾಯಿ ತಿಂದ ಗುಂಪಿನಲ್ಲಿ ಸ್ವಲ್ಪ ಇಳಿದಂತಿತ್ತು, ಆದರೆ ಅದೇ ವಾರ ಮಳೆ ನಿಂತಿತ್ತು, ಆಣೆ ಮಾಡಿ ಹೇಳಲಾರೆ.

ಹೀಗೆ ಆರಿಸಿದ ಟಗರುಗಳ ಮೂರನೆಯ ಪೀಳಿಗೆಯ ಮರಿಗಳು ಈಗ ಹಟ್ಟಿಯಲ್ಲಿವೆ. ಕಳೆದ ವರ್ಷ ಔಷಧಕ್ಕೆ 4 ಸಾವಿರವೂ ಆಗಲಿಲ್ಲ. ಮಳೆಗಾಲದಲ್ಲಿ 20ರ ಹತ್ತಿರ ಸಾಯುತ್ತಿದ್ದ ಮರಿಗಳಲ್ಲಿ ಮೂರೋ ನಾಲ್ಕೋ ಹೋದವು. ಮಳೆ ಬಂದ ಎಷ್ಟನೆಯ ದಿನ ಹಿಕ್ಕೆ ತೆಗೆದರೆ ಟಗರಿನ ನಿಜಬಣ್ಣ ಬಯಲಾಗುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮರಿ ಕೊಂಡವರಿಗೆ ಹೇಳಿಕೊಡುತ್ತೇನೆ.