ಹಾಲು ಬರುವ ಹೊತ್ತಿಗೆ ಬಿಸಿಲಿಲ್ಲ

ಮುಳಬಾಗಿಲು ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ನಾನು ಮೊದಲ ಸಲ ಹೋದಾಗ, ಅಧ್ಯಕ್ಷರು ಪಾವಗಡದ ಸೋಲಾರ್ ಪಾರ್ಕ್ ನೋಡಿಕೊಂಡು ಬಂದ ಉತ್ಸಾಹದಲ್ಲಿದ್ದರು. ಅಲ್ಲಿ 2,050 ಮೆಗಾವಾಟ್ ಬರುವುದಾದರೆ ನಮ್ಮ ಡೇರಿಯ ತಾರಸಿ ಮೇಲೆ 10 ಕಿಲೋವಾಟ್ ಬರುವುದಿಲ್ಲವೇ ಎಂದು ಕೇಳಿದರು. ಖಂಡಿತ ಬರುತ್ತದೆ. ನೆರಳು ಬೀಳದ ಸಾವಿರ ಚದರಡಿ ಜಾಗವಿದ್ದರೆ ದಿನಕ್ಕೆ ಸರಾಸರಿ 40 ಯೂನಿಟ್ ಸಿಗುತ್ತದೆ. ಆದರೆ ಸೋಲಾರ್ ಹಾಕಿಸುವ ಈ ಕೆಲಸದಲ್ಲಿ ನಾನು ತಾರಸಿ ಹತ್ತುವುದು ಕೊನೆಗೆ. ಮೊದಲು ಒಂದು ವರ್ಷದ ಕರೆಂಟ್ ಬಿಲ್ಲು, ಡೀಸೆಲ್ ಚೀಟಿಗಳನ್ನು ಕೇಳುತ್ತೇನೆ. ಆಮೇಲೆ ಒಂದು ಇಡೀ ದಿನ ಅಲ್ಲೇ ಕೂರುತ್ತೇನೆ.

ಬೆಳಿಗ್ಗೆ ಆರಕ್ಕೆ ಕ್ಯಾನುಗಳು ಬರತೊಡಗಿದವು. 35 ಡಿಗ್ರಿಯಷ್ಟು ಬೆಚ್ಚಗಿರುವ ಹಾಲು 4 ಡಿಗ್ರಿಗೆ ಇಳಿಯಬೇಕು. ಸಾವಿರ ಲೀಟರಿಗೆ 13 ಯೂನಿಟ್ ಆಸುಪಾಸಿನಲ್ಲಿ ಮುಗಿಯಬೇಕಾದದ್ದಕ್ಕೆ ಮೀಟರ್ 19 ತೋರಿಸಿತು. ಹಿಂದಿನ ಕೋಣೆಗೆ ಹೋಗಿ ನೋಡಿದರೆ, ಹಾಲಿನಿಂದ ಹೀರಿದ ಬಿಸಿಯನ್ನು ಹೊರಹಾಕುವ ಕಂಡೆನ್ಸರ್‌ಗೆ ಒತ್ತಿಕೊಂಡಂತೆ ಪಶು ಆಹಾರದ ಮೂಟೆಗಳನ್ನು ಪೇರಿಸಿಟ್ಟಿದ್ದರು. ಅದರ ತೆಳು ರೆಕ್ಕೆಗಳ ನಡುವೆ ಬೂಸಾ ಪುಡಿಯೂ ಧೂಳೂ ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಬೆರಳಿನಿಂದ ಎಳೆದರೆ ಪದರ ಪದರವಾಗಿ ಕಿತ್ತು ಬಂತು. ಬಿಸಿ ಹೊರಹೋಗಲು ದಾರಿಯಿಲ್ಲದೆ ಕಂಪ್ರೆಸರ್ ಏದುಸಿರು ಬಿಡುತ್ತಿತ್ತು. ಮೂಟೆಗಳನ್ನು ಆಚೆ ಸಾಗಿಸಿ, ಮೃದುವಾದ ಬ್ರಷ್ಷಿನಿಂದ ತಿಕ್ಕಿ ತೊಳೆದೆವು. ಮರುದಿನ ಅಷ್ಟೇ ಹಾಲಿಗೆ 14 ಯೂನಿಟ್. ಆಡಳಿತ ಮಂಡಳಿಗೆ ನನ್ನ ಮಾತಿನ ಮೇಲೆ ನಂಬಿಕೆ ಬಂದದ್ದು ಅಂದೇ.

ಸೋಲಾರ್ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ ಎತ್ತಿದವರು ಕಾರ್ಯದರ್ಶಿ: "ಕರೆಂಟ್ ಹೋದರೆ ಇದು ನಡೆಯುತ್ತದೆಯೇ ಸಾರ್?"

ನಡೆಯುವುದಿಲ್ಲ. ಸೋಲಾರ್ ಹಲಗೆಗಳ ವಿದ್ಯುತ್ತನ್ನು ಬಳಕೆಗೆ ತಕ್ಕಂತೆ ಬದಲಿಸುವ, ವಿದ್ಯುತ್ ಜಾಲಕ್ಕೆ ಜೋಡಿಸಿದ ಸಾಮಾನ್ಯ ಇನ್ವರ್ಟರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ನಿಲ್ಲದಿದ್ದರೆ ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ತಾರಸಿಯ ವಿದ್ಯುತ್ತೇ ಹೊಡೆದೀತು. ಹಣ ಪಡೆಯುವ ಮೊದಲು ಇದನ್ನು ಹೇಳದ ಮಾರಾಟಗಾರರನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಹೊತ್ತಿನದು. ಹಾಲು ಬರುವುದು ಬೆಳಿಗ್ಗೆ, ಸಂಜೆ. ಹಲಗೆಗಳು ಚೆನ್ನಾಗಿ ದುಡಿಯುವುದು ನಡುಹಗಲಿನಲ್ಲಿ.

ಅಷ್ಟು ವಿದ್ಯುತ್ ಕೂಡಿಡುವ ಬ್ಯಾಟರಿ ಸಂಘದ ಕೈಗೆಟುಕುವಂತಿರಲಿಲ್ಲ. ಹಾಗಾಗಿ ವಿದ್ಯುತ್ತಿನ ಬದಲು ತಂಪನ್ನೇ ಕೂಡಿಟ್ಟೆವು. ಹತ್ತರಿಂದ ಮೂರರವರೆಗೆ ಬಿಸಿಲಿನಲ್ಲಿ ಕಂಪ್ರೆಸರ್ ಓಡಿಸಿ, ದಪ್ಪ ಹೊದಿಕೆಯ ತೊಟ್ಟಿಯಲ್ಲಿ ಮಂಜುಗಡ್ಡೆ ಕಟ್ಟಿಸುವುದು. ಹಾಲು ಬಂದಾಗ ಆ ಮಂಜುಗಡ್ಡೆಯಿಂದ ತಣ್ಣಗಾದ ನೀರನ್ನು ಪ್ಲೇಟ್ ಕೂಲರ್‌ನಲ್ಲಿ, ಅಂದರೆ ತೆಳು ತಗಡುಗಳ ಒಂದು ಬದಿ ಹಾಲು, ಇನ್ನೊಂದು ಬದಿ ನೀರು ಹರಿಯುವ ಯಂತ್ರದಲ್ಲಿ, ಹಾಯಿಸುವುದು. ಸಾವಿರ ಲೀಟರ್ ಹಾಲಿಗೆ ಸುಮಾರು 370 ಕಿಲೋ ಮಂಜುಗಡ್ಡೆ ಬೇಕು, ಎರಡು ಹೊತ್ತಿಗೆ ಮುಕ್ಕಾಲು ಟನ್. ಹಾಲು ಸುರಿಯುವ ಹೊತ್ತಿಗೆ ಓಡಬೇಕಾದದ್ದು ಸಣ್ಣ ಪಂಪುಗಳು ಮಾತ್ರ. ಅವಕ್ಕೆ ಮಾಮೂಲಿ ಯುಪಿಎಸ್ ಸಾಕು.

ಮಹಾಸಭೆಯಲ್ಲಿ ಒಬ್ಬ ಅಜ್ಜಿ ಎದ್ದು ನಿಂತು, "ಬೋನಸ್ಸಿಗೆ ಕತ್ತರಿ ಬೀಳುತ್ತದೆಯೇನಪ್ಪಾ?" ಎಂದರು. ಎರಡು ಹಸು ಸಾಕಿ ಬದುಕುವವರ ಪ್ರಶ್ನೆಗೆ ಹವಾಮಾನದ ಭಾಷಣ ಉತ್ತರವಲ್ಲ. ಸಂಘದ ಹಳೆಯ ಜನರೇಟರ್ ಒಂದು ಲೀಟರ್ ಡೀಸೆಲ್‌ಗೆ ಮೂರೇ ಯೂನಿಟ್ ಕೊಡುತ್ತಿತ್ತು, ಅಂದರೆ ಯೂನಿಟ್ಟಿಗೆ 30 ರೂಪಾಯಿ. ಡೀಸೆಲ್ ಚೀಟಿಗಳನ್ನು ತಿಂಗಳುವಾರು ಕೂಡಿ ಓದಿ ಹೇಳಿದೆ. ಮೊದಲ ಎರಡು ವರ್ಷ ಬೋನಸ್ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಕೈಗಳು ಮೇಲೆದ್ದವು.

ಮುಂದಿನ ಬೇಸಿಗೆಯಲ್ಲಿ ಸೋಲಾರ್ ವಿದ್ಯುತ್ ಉತ್ಪಾದನೆ ಇಳಿಯಿತೆಂದು ಫೋನ್ ಬಂತು. ಹೋಗಿ ನೋಡಿದರೆ ಹಲಗೆಗಳ ಗಾಜಿನ ತುಂಬಾ ಬಿಳಿಯ ಕಲೆ. ನಮ್ಮ ಕಡೆಯ ಬೋರ್‌ವೆಲ್‌ನ ಗಡಸು ನೀರನ್ನು ಸುಡುವ ಮಧ್ಯಾಹ್ನ ಎರಚಿ ತೊಳೆಯುತ್ತಿದ್ದರು. ನೀರು ಆರಿ ಉಪ್ಪು ಉಳಿದಿತ್ತು. ಈಗ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಎರಡು ಕ್ಯಾನು ತಂದು, ವಾರಕ್ಕೊಮ್ಮೆ ಬಿಸಿಲೇರುವ ಮುನ್ನ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಕಾರ್ಯದರ್ಶಿ ಆ ದಿನದ ಯೂನಿಟ್ಟನ್ನು ಹಾಲಿನ ರಿಜಿಸ್ಟರಿನಲ್ಲೇ, ಲೀಟರ್ ಲೆಕ್ಕದ ಪಕ್ಕದಲ್ಲಿ ಬರೆಯುತ್ತಾರೆ.