ರಸೀದಿಯಲ್ಲಿ ಅಜ್ಜ ಇನ್ನೂ ಬದುಕಿದ್ದಾರೆ: ಕೊಡಗಿನಲ್ಲಿ ಮನೆ ಕಂದಾಯ ಕಟ್ಟುವ ಬಗೆ

ನಮ್ಮ ಮನೆಯ ಕಂದಾಯದ ರಸೀದಿಯಲ್ಲಿ ಮೊನ್ನೆ ಮೊನ್ನೆಯವರೆಗೂ ಅಜ್ಜನ ಹೆಸರೇ ಇತ್ತು. ಅಜ್ಜ ತೀರಿಕೊಂಡು ಮೂವತ್ತು ವರ್ಷ ದಾಟಿದೆ. ಅಪ್ಪ ವರ್ಷವೂ ತಪ್ಪದೆ ಹೋಗಿ ಹಣ ಕಟ್ಟಿ, ರಸೀದಿಯನ್ನು ನಾಲ್ಕಾಗಿ ಮಡಿಚಿ ಕಬ್ಬಿಣದ ಪೆಟ್ಟಿಗೆಗೆ ಹಾಕುತ್ತಿದ್ದರು. ಅದರಲ್ಲಿ ಏನು ಬರೆದಿದೆ ಎಂದು ಅವರು ಕನ್ನಡಕ ಹಾಕಿಕೊಂಡು ಓದಿದ್ದನ್ನು ನಾನು ನೋಡಿಲ್ಲ. ನನ್ನ ತಮ್ಮ ಬ್ಯಾಂಕಿಗೆ ಸಾಲ ಕೇಳಲು ಹೋದಾಗಲೇ ಪೆಟ್ಟಿಗೆ ತೆರೆದದ್ದು. ಪಂಚಾಯಿತಿಯ ಪುಸ್ತಕದ ಪ್ರಕಾರ ನಮ್ಮದು ‘ಹೆಂಚಿನ ಮನೆ, ಕೊಟ್ಟಿಗೆ ಸಹಿತ’. ಕೊಟ್ಟಿಗೆ ಯಾವುದೋ ಮಳೆಗಾಲದಲ್ಲಿ ಮಗುಚಿ ಬಿದ್ದು ಅಲ್ಲೀಗ ಕಿತ್ತಳೆ ಗಿಡವಿದೆ. ಹಿಂದುಗಡೆ ಕಟ್ಟಿಸಿದ ಆರ್‌ಸಿಸಿ ಕೋಣೆಗಳ ಸುದ್ದಿಯೇ ಪುಸ್ತಕದಲ್ಲಿಲ್ಲ. ಬಿದ್ದ ಕೊಟ್ಟಿಗೆಗೆ ಕಂದಾಯ ಕಟ್ಟುತ್ತಿದ್ದೆವು, ಎದ್ದು ನಿಂತ ಕೋಣೆಗೆ ಕಟ್ಟುತ್ತಿರಲಿಲ್ಲ.

ಹಾಗಾಗಿ ಕಂದಾಯ ಕಟ್ಟುವ ಕೆಲಸವನ್ನು ಹಣ ಎಣಿಸುವುದರಿಂದಲ್ಲ, ರಸೀದಿ ಓದುವುದರಿಂದ ಆರಂಭಿಸಿ ಎನ್ನುತ್ತೇನೆ.

ಮೊದಲು: ನಿಮ್ಮ ಮನೆ ಯಾರ ಲೆಕ್ಕದಲ್ಲಿದೆ?

ಮಡಿಕೇರಿಯಲ್ಲಿ ನಗರಸಭೆ, ಕುಶಾಲನಗರ ಮತ್ತು ವಿರಾಜಪೇಟೆಯಲ್ಲಿ ಪುರಸಭೆ, ಸೋಮವಾರಪೇಟೆಯಲ್ಲಿ ಪಟ್ಟಣ ಪಂಚಾಯಿತಿ. ಇವು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಅಡಿಯಲ್ಲಿ ಆಸ್ತಿ ತೆರಿಗೆ ವಸೂಲು ಮಾಡುತ್ತವೆ. ಜಿಲ್ಲೆಯ ಹಳ್ಳಿಗಳೆಲ್ಲ ಗ್ರಾಮ ಪಂಚಾಯಿತಿಯ ಲೆಕ್ಕ. ಅಲ್ಲಿ ನಡೆಯುವುದು 1993ರ ಪಂಚಾಯತ್ ರಾಜ್ ಕಾಯ್ದೆ. ಊರಿನ ಗಡಿ ಬದಲಾದ ಕಡೆ ಹೆಚ್ಚು ಎಚ್ಚರ ಬೇಕು. ಮುಳ್ಳುಸೋಗೆಯಂತೆ ಹಳ್ಳಿಯೊಂದು ಪಟ್ಟಣಕ್ಕೆ ಸೇರಿದಾಗ ಪಂಚಾಯಿತಿಯ ಹಳೆಯ ಆಸ್ತಿ ಸಂಖ್ಯೆ ಪಟ್ಟಣದ ಕಡತದಲ್ಲಿ ಹೊಸ ಸಂಖ್ಯೆಯಾಗಿ ಏರಬೇಕು. ಹಳೆಯ ರಸೀದಿಗಳನ್ನು ಎಸೆಯಬೇಡಿ, ಹೊಸ ಖಾತೆಗೆ ಅವೇ ಆಧಾರ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಕಾಫಿ ತೋಟಕ್ಕೆ ನೀವು ಕಟ್ಟುವುದು ಭೂ ಕಂದಾಯ, ಅದು ಸರ್ಕಾರದ ಕಂದಾಯ ಇಲಾಖೆಗೆ. ಪಂಚಾಯಿತಿ ತೆರಿಗೆ ಹಾಕುವುದು ಕಟ್ಟಡಕ್ಕೆ ಮತ್ತು ಭೂ ಕಂದಾಯಕ್ಕೆ ಒಳಪಡದ ಜಾಗಕ್ಕೆ. ಹತ್ತು ಎಕರೆ ತೋಟದ ನಡುವೆ ಒಂದು ಮನೆಯಿದ್ದರೆ ಪಂಚಾಯಿತಿಗೆ ಬೇಕಾದದ್ದು ಆ ಮನೆಯ ಅಳತೆ, ತೋಟದ್ದಲ್ಲ.

ರಸೀದಿಯ ಸಾಲುಗಳು

ಹೆಸರು, ಆಸ್ತಿ ಸಂಖ್ಯೆ, ಅಳತೆ, ಕಟ್ಟಡದ ಬಗೆ, ಬಳಕೆ ಈ ಐದನ್ನು ಮನೆಯ ಮುಂದೆ ನಿಂತು ಹೋಲಿಸಿ ನೋಡಿ. ಆಮೇಲೆ ಹಣದ ಸಾಲುಗಳಿಗೆ ಬನ್ನಿ. ಮೂಲ ತೆರಿಗೆಯ ಕೆಳಗೆ ಕರಗಳ ಮೆರವಣಿಗೆ ಇರುತ್ತದೆ. ತೆರಿಗೆಯ ಮೊತ್ತದ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಗ್ರಾಮ ಪಂಚಾಯಿತಿಯಲ್ಲಿ ಇವುಗಳ ಜೊತೆಗೆ ಶಿಕ್ಷಣ ಕರ ಶೇ 10 ಸೇರಿ ಒಟ್ಟು ಶೇ 34 ಆಗುತ್ತದೆ. ಈ ಕರಗಳು ಪಂಚಾಯಿತಿಯ ಕೈಯಲ್ಲಿ ಉಳಿಯುವುದಕ್ಕಲ್ಲ. ಗ್ರಂಥಾಲಯ ಕರ ಗ್ರಂಥಾಲಯ ಇಲಾಖೆಯ ಪಾಲು, ಭಿಕ್ಷುಕರ ಕರ ನಿರಾಶ್ರಿತರ ಪರಿಹಾರ ಕೇಂದ್ರಗಳ ಪಾಲು. ‘ಇಷ್ಟೆಲ್ಲ ಕಟ್ಟುತ್ತೇವೆ, ಬೀದಿ ದೀಪ ಹಾಕಿಲ್ಲ’ ಎಂದು ರೇಗುವಾಗ ಮೂಲ ತೆರಿಗೆಯ ಸಾಲನ್ನೇ ತೋರಿಸಿ ರೇಗಿದರೆ ಮಾತಿಗೆ ತೂಕ ಬರುತ್ತದೆ.

ನೀರಿನ ಶುಲ್ಕ ಬೇರೆ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಸ್ವಂತ ಬಾವಿಯಿದೆ, ಇಲ್ಲವೇ ಗುಡ್ಡದ ತೊರೆಯಿಂದ ಪೈಪಿನಲ್ಲಿ ನೀರು ಇಳಿಯುತ್ತದೆ. ನಲ್ಲಿಯೇ ಇಲ್ಲದ ಮನೆಗೆ ನಲ್ಲಿ ಶುಲ್ಕ ಬಿದ್ದಿದ್ದರೆ ಬರವಣಿಗೆಯಲ್ಲಿ ಕೇಳಿ. ಪಟ್ಟಣಗಳಲ್ಲಿ ಕಸ ವಿಲೇವಾರಿಯ ಶುಲ್ಕವನ್ನೂ ಆಸ್ತಿ ತೆರಿಗೆಯ ಜೊತೆಗೇ ವಸೂಲು ಮಾಡುತ್ತಾರೆ. ಕಸದ ಗಾಡಿ ನಿಮ್ಮ ಓಣಿಗೆ ಬರುತ್ತದೆಯೇ ಇಲ್ಲವೇ ಎನ್ನುವ ಪ್ರಶ್ನೆಗೆ ಆ ಸಾಲೇ ಆಧಾರ.

ಹೆಸರು ಬದಲಾಯಿಸುವ ದಾರಿ

ಕೊಡಗಿನಲ್ಲಿ ಈ ಕೆಲಸವೇ ಎಲ್ಲಕ್ಕಿಂತ ಉದ್ದ. ಪಹಣಿಯಲ್ಲಿ ಹೆಸರು ಬದಲಾದರೆ ಮನೆಯ ಖಾತೆಯೂ ತಾನಾಗಿ ಬದಲಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ, ನಾವೂ ನಂಬಿದ್ದೆವು. ಎರಡೂ ಬೇರೆ ಬೇರೆ ಬಾಗಿಲು. ಜಮೀನಿನ ಪೌತಿ ಖಾತೆ, ಅಂದರೆ ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಆಗುವ ಖಾತೆ, ಕಂದಾಯ ಇಲಾಖೆಯಲ್ಲಿ, ಮನೆಯ ಖಾತೆ ಪಂಚಾಯಿತಿಯಲ್ಲಿ ಅಥವಾ ಪುರಸಭೆಯಲ್ಲಿ. ಒಂದರ ಆದೇಶ ಇನ್ನೊಂದಕ್ಕೆ ನಡೆದು ಹೋಗುವುದಿಲ್ಲ; ನೀವೇ ಹೊತ್ತು ಹೋಗಬೇಕು.

ಬೇಕಾಗುವ ಕಾಗದಗಳು: ತೀರಿಕೊಂಡವರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಅಥವಾ ನೋಂದಾಯಿತ ವಿಭಾಗಪತ್ರ, ಹಿಂದಿನ ರಸೀದಿಗಳು, ಆಧಾರ್ ಪ್ರತಿ, ವಿದ್ಯುತ್ ಬಿಲ್ಲು. ಬಾಕಿ ಇದ್ದರೆ ಅದನ್ನು ತೀರಿಸಿಯೇ ಅರ್ಜಿ ಕೊಡಿ, ಇಲ್ಲದಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ. ಅರ್ಜಿ ಕೊಟ್ಟಾಗ, ಸರ್ಕಾರಿ ಸೇವೆಗೆ ಗಡುವು ಹಾಕುವ ಸಕಾಲ ಯೋಜನೆಯ ಸಂಖ್ಯೆಯಿರುವ ಸ್ವೀಕೃತಿ ಕೇಳಿ ಪಡೆಯಿರಿ. ‘ನಾಡಿದ್ದು ಬನ್ನಿ’ ಎನ್ನುವ ಉತ್ತರಕ್ಕೆ ಕಾಗದದ ಮೇಲೆ ತಾರೀಕು ಇರುವುದಿಲ್ಲ, ಸಕಾಲದ ಸ್ವೀಕೃತಿಗೆ ಇರುತ್ತದೆ. ನಮ್ಮ ಮನೆಯ ಹೆಸರು ಬದಲಾಗಲು ನಾನು ಅರ್ಜಿ ಹಿಡಿದು ಆರು ಸಲ ಹೋದೆ. ಐದನೆಯ ಸಲದವರೆಗೂ ಸ್ವೀಕೃತಿ ಕೇಳುವ ಬುದ್ಧಿ ನನಗೆ ಬಂದಿರಲಿಲ್ಲ ಎನ್ನುವುದನ್ನೂ ಹೇಳಬೇಕು.

ಐನ್‌ಮನೆಗಳದ್ದು, ಅಂದರೆ ಮನೆತನದ ಮೂಲ ಮನೆಗಳದ್ದು, ಬೇರೆಯೇ ಕಥೆ. ಮನೆ ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ, ಸೇರಿದ್ದು; ಪುಸ್ತಕದಲ್ಲಿ ಇರುವುದು ಎಂದೋ ತೀರಿಕೊಂಡ ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರು, ವಾಸ ಇರುವುದು ಒಂದು ಕುಟುಂಬ, ಪುತ್ತರಿ ಹಬ್ಬಕ್ಕೆ ಬಂದು ಸೇರುವವರು ನೂರು ಜನ. ಇಲ್ಲಿ ಯಾರೋ ಒಬ್ಬರು ಉತ್ಸಾಹದಿಂದ ತಮ್ಮ ಒಬ್ಬರದೇ ಹೆಸರಿಗೆ ಖಾತೆ ಮಾಡಿಸಿಕೊಂಡರೆ ಮುಂದಿನ ಜಗಳಕ್ಕೆ ಬೀಜ ಬಿತ್ತಿದಂತೆ. ಒಕ್ಕದ ಸಭೆಯಲ್ಲಿ ತೀರ್ಮಾನ ಬರೆದು, ಎಲ್ಲರ ಸಹಿ ಪಡೆದು, ಆ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಹಣ ಕಟ್ಟುವವರು ಯಾರೇ ಆಗಲಿ, ‘ಒಕ್ಕದ ಪರವಾಗಿ’ ಎಂದು ಅರ್ಜಿಯಲ್ಲಿ ಕಾಣಿಸಲಿ. ಕಂದಾಯದ ರಸೀದಿ ಮಾಲೀಕತ್ವದ ಪತ್ರವಲ್ಲ. ಇಪ್ಪತ್ತು ವರ್ಷ ಕಂದಾಯ ಕಟ್ಟಿದ ಮಾತ್ರಕ್ಕೆ ಮನೆ ಆ ಹಣ ಕಟ್ಟಿದವನದ್ದಾಗುವುದಿಲ್ಲ.

ತೋಟದ ಮನೆಗೆ ಯಾವ ನಮೂನೆ?

ಬಯಲುಸೀಮೆಯ ಊರುಗಳಲ್ಲಿ ಮನೆಗಳು ಒತ್ತಾಗಿ ಗ್ರಾಮಠಾಣದಲ್ಲಿ ಇರುತ್ತವೆ. ಕೊಡಗಿನ ಹಳ್ಳಿ ಹಾಗಲ್ಲ. ಒಂದು ಮನೆ ಗುಡ್ಡದ ಆಚೆ, ಇನ್ನೊಂದು ಗದ್ದೆಯ ಈಚೆ. ಪ್ರತಿಯೊಂದೂ ತನ್ನ ತನ್ನ ತೋಟದಲ್ಲಿ, ಬಾಣೆಯಲ್ಲಿ (ಗದ್ದೆಗೆ ಸೇರಿದ ಏರು ಜಾಗದಲ್ಲಿ), ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದಲ್ಲಿ. ಆಸ್ತಿ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಇಡುವ ಪಂಚಾಯಿತಿಗಳ ಇ-ಸ್ವತ್ತು ತಂತ್ರಾಂಶ ಬಂದ ಮೇಲೆ ಈ ವ್ಯತ್ಯಾಸ ದೊಡ್ಡ ತೊಡಕಾಯಿತು. ಅದು ಕೊಡುವ ಆಸ್ತಿ ಪತ್ರಗಳಲ್ಲಿ ನಮೂನೆ-9 ಸಿಗುವುದು ಗ್ರಾಮಠಾಣದ ಮನೆಗೆ, ಭೂಪರಿವರ್ತನೆಯಾಗಿ (ಕೃಷಿ ಜಮೀನು ಬೇರೆ ಬಳಕೆಗೆ ಬದಲಾಗಿ) ಅನುಮೋದನೆ ಪಡೆದ ನಿವೇಶನಕ್ಕೆ ಅಥವಾ ಸರ್ಕಾರದ ವಸತಿ ಯೋಜನೆಯ ಮನೆಗೆ. ಅದರ ಜೊತೆಗೆ ಬರುವುದು 11ಎ. ಪರಿವರ್ತನೆಯಾಗದ ಜಾಗದಲ್ಲಿರುವ ಮನೆ ತೆರಿಗೆಯ ಪಟ್ಟಿಗೆ ಸೇರುವುದು 11ಬಿ ಮೂಲಕ.

11ಬಿ ಕೈಗೆ ಬಂದವರು ಎರಡು ತಪ್ಪು ಮಾಡುತ್ತಾರೆ. ಒಂದು, ಎಲ್ಲ ಸಕ್ರಮವಾಯಿತು ಎಂದು ನಿಶ್ಚಿಂತರಾಗುವುದು. ತೆರಿಗೆ ವಸೂಲು ಮಾಡಿದ ಮಾತ್ರಕ್ಕೆ ಅನುಮತಿಯಿಲ್ಲದ ಕಟ್ಟಡ ಸಕ್ರಮವಾಗುವುದಿಲ್ಲ. ಪಟ್ಟಣಗಳಲ್ಲಿ ಇಂಥ ಆಸ್ತಿಗೆ ಕೊಡುವ ಬಿ ಖಾತೆಗೂ ಇದೇ ಮಾತು. ಇನ್ನೊಂದು, ಇದು ಕೆಲಸಕ್ಕೆ ಬಾರದ ಕಾಗದವೆಂದು ಕಂದಾಯ ಕಟ್ಟುವುದನ್ನೇ ಬಿಡುವುದು. ಬಾಕಿ ಬೆಳೆಯುತ್ತ ಹೋಗಿ, ಮಗಳ ಹೆಸರಿಗೆ ಮನೆ ಬರೆಯುವ ದಿನ ಎದುರಿಗೆ ನಿಲ್ಲುತ್ತದೆ. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿರುವುದರಿಂದ ಈ ಕಡತವನ್ನು ಅವಸರವಿಲ್ಲದ ದಿನಗಳಲ್ಲಿಯೇ ಸರಿಮಾಡಿಟ್ಟುಕೊಳ್ಳುವುದು ಲೇಸು.

ಮನೆಯ ಒಂದು ಭಾಗವನ್ನು ಹೋಂಸ್ಟೇ ಮಾಡಿದ್ದರೆ ಬಳಕೆಯನ್ನು ಇದ್ದದ್ದು ಇದ್ದಂತೆ ತಿಳಿಸಿ. ವಾಸದ ಮನೆ ಎಂದು ಬರೆಸಿ, ಜಾಲತಾಣದಲ್ಲಿ ಕೋಣೆಗಳ ಫೋಟೊ ಹಾಕಿ ಬಾಡಿಗೆ ಕರೆದರೆ ಅದನ್ನು ಪಂಚಾಯಿತಿಯವರೂ ನೋಡುತ್ತಾರೆ, ಪಕ್ಕದ ಮನೆಯವರು ಅವರಿಗಿಂತ ಮೊದಲು ನೋಡುತ್ತಾರೆ.

2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡು ಕರ್ಣಂಗೇರಿ, ಜಂಬೂರಿನಂತಹ ಕಡೆ ಹೊಸ ಮನೆ ಪಡೆದವರಿಗೆ ಎರಡು ಅರ್ಜಿಗಳ ಕೆಲಸವಿದೆ. ಹೊಸ ಮನೆಯನ್ನು ಅಲ್ಲಿಯ ಪಟ್ಟಿಗೆ ಸೇರಿಸುವುದು ಒಂದು. ಮಣ್ಣಿನಡಿ ಹೋದ ಮನೆಯನ್ನು ಹಳೆಯ ಪಂಚಾಯಿತಿಯ ಬೇಡಿಕೆ ಪಟ್ಟಿಯಿಂದ ತೆಗೆಸುವುದು ಇನ್ನೊಂದು. ಇಲ್ಲದ ಮನೆಗೆ ವರ್ಷ ವರ್ಷ ಬಾಕಿ ಏರುತ್ತಿರುವುದನ್ನು ನೋಡುವ ಸಂಕಟ ಯಾರಿಗೂ ಬೇಡ.

ಪಟ್ಟಣದವರ ಲೆಕ್ಕ

2002ರಿಂದ ಪಟ್ಟಣಗಳಲ್ಲಿ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಇದೆ. ಲೆಕ್ಕ ಹಾಕುವುದು ಮಾಲೀಕನ ಕೆಲಸ, ಪರಿಶೀಲಿಸುವುದು ಕಚೇರಿಯ ಕೆಲಸ. 2021ರ ತಿದ್ದುಪಡಿಯ ನಂತರ ನಿವೇಶನ ಮತ್ತು ಕಟ್ಟಡದ ಈಗಿನ ಮಾರ್ಗಸೂಚಿ ಮೌಲ್ಯದ (ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಬೆಲೆಯ) ಶೇ 25ರಷ್ಟನ್ನು ತೆರಿಗೆಗೆ ಒಳಪಡುವ ಮೌಲ್ಯವಾಗಿ ಹಿಡಿಯುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಸುಲಭಕ್ಕೆಂದು ನಾನೇ ಇಟ್ಟವು, ಯಾವ ಊರಿನ ದರವೂ ಅಲ್ಲ. 2,400 ಚದರ ಅಡಿ ನಿವೇಶನ, ಅಡಿಗೆ 600 ರೂಪಾಯಿಯಂತೆ 14,40,000. ಮನೆ 1,200 ಚದರ ಅಡಿ, ಅಡಿಗೆ 1,000ದಂತೆ 12,00,000. ಹಳತಾದ ಕಾರಣಕ್ಕೆ ಸವಕಳಿ ಶೇ 10 ಕಳೆದರೆ 10,80,000. ಎರಡೂ ಸೇರಿ 25,20,000. ಅದರ ಕಾಲು ಭಾಗ 6,30,000. ವಾಸದ ಮನೆಗೆ ಆ ಊರಿನ ದರ ಶೇ 0.4 ಎಂದುಕೊಂಡರೆ ತೆರಿಗೆ 2,520 ರೂಪಾಯಿ. ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಕರಗಳೇ ಇದಕ್ಕೆ 604 ರೂಪಾಯಿ 80 ಪೈಸೆ ಸೇರಿಸುತ್ತವೆ.

ಇಲ್ಲಿ ಜನ ಎಡವುವುದು ಸವಕಳಿಯಲ್ಲಿ. ಹಳೆಯ ಹೆಂಚಿನ ಮನೆಯನ್ನು ಹೊಸ ಆರ್‌ಸಿಸಿ ಮನೆಯ ಲೆಕ್ಕದಲ್ಲಿ ತುಂಬಿಸಿಬಿಡುತ್ತಾರೆ. ಕಟ್ಟಿದ ವರ್ಷಕ್ಕೆ ಆಧಾರವಾಗಿ ಹಳೆಯ ಪರವಾನಗಿ ಅಥವಾ ಮೊದಲ ವಿದ್ಯುತ್ ಸಂಪರ್ಕದ ಕಾಗದವನ್ನು ಕೊಡಿ.

ಸೇನೆಯಲ್ಲಿದ್ದವರಿಲ್ಲದ ಬೀದಿಯನ್ನು ನಮ್ಮ ಜಿಲ್ಲೆಯಲ್ಲಿ ಹುಡುಕಬೇಕು. ಆದರೂ ಪಟ್ಟಣ ವ್ಯಾಪ್ತಿಯಲ್ಲಿ ಮಾಜಿ ಸೈನಿಕರು ತಾವೇ ವಾಸಿಸುವ ಮನೆಗೆ ಆಸ್ತಿ ತೆರಿಗೆಯಲ್ಲಿ ಶೇ 50 ರಿಯಾಯಿತಿ ಇದೆ ಎಂದರೆ ಹುಬ್ಬೇರಿಸುವವರಿದ್ದಾರೆ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಕೊಡುವ ಗುರುತಿನ ಚೀಟಿಯ ಪ್ರತಿಯೊಂದಿಗೆ ಅರ್ಜಿ ಕೊಡಿ. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಯಾವಾಗ, ಎಲ್ಲಿ

ಪಟ್ಟಣಗಳಲ್ಲಿ ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ತೆರಿಗೆಯಲ್ಲಿ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ. ಮೇಲಿನ ಲೆಕ್ಕದ ಮನೆಯವರು ಏಪ್ರಿಲ್‌ನಲ್ಲಿ 126 ರೂಪಾಯಿ ಉಳಿಸುತ್ತಾರೆ, ಮಾರ್ಚ್‌ವರೆಗೆ ಎಳೆದರೆ ಒಂಬತ್ತು ತಿಂಗಳಿಗೆ 453 ರೂಪಾಯಿಗೂ ಮೇಲೆ ಕಳೆದುಕೊಳ್ಳುತ್ತಾರೆ. ಕಾಫಿ ಮಾರಿದ ಹಣ ಇನ್ನೂ ಕೈಯಲ್ಲಿರುವ, ಕಾಫಿ ಅರಳಿಸುವ ಹೂ ಮಳೆ ಬಂದು ಮನಸ್ಸು ಹಗುರಾಗಿರುವ ತಿಂಗಳೂ ಏಪ್ರಿಲ್ಲೇ. ಜುಲೈನಲ್ಲಿ ಮಳೆ ಹೊಡೆಯುವಾಗ ಕರೆಂಟೂ ಇರುವುದಿಲ್ಲ, ಕಚೇರಿಯ ಕಂಪ್ಯೂಟರೂ ಓಡುವುದಿಲ್ಲ.

ಪಟ್ಟಣದವರು ಆಸ್ತಿ ಸಂಖ್ಯೆ ಹಾಕಿ ಪೌರಾಡಳಿತ ನಿರ್ದೇಶನಾಲಯದ ಜಾಲತಾಣದಲ್ಲಿ ಕಟ್ಟಬಹುದು, ಇಲ್ಲವೇ ಚಲನ್ ಪಡೆದು ಬ್ಯಾಂಕಿನಲ್ಲಿ ಕಟ್ಟಬಹುದು. ಪಂಚಾಯಿತಿಯಲ್ಲಿ ಕಚೇರಿಗೆ ಹೋಗಿ ಅಥವಾ ಮನೆಗೆ ಬರುವ ಬಿಲ್ ಕಲೆಕ್ಟರ್ ಬಳಿ ಕಟ್ಟಬಹುದು. ನಗದು ಕೊಟ್ಟರೆ ಅಲ್ಲೇ, ಆಗಲೇ ಮುದ್ರಿತ ರಸೀದಿ ಪಡೆಯಿರಿ. ಬೆಂಗಳೂರಿನಲ್ಲಿದ್ದು ಊರಿನ ಮನೆಗೆ ಕಟ್ಟುವವರು ಆಸ್ತಿ ಸಂಖ್ಯೆಯನ್ನು ಎರಡು ಸಲ ನೋಡಿ. ಒಂದು ಅಂಕಿ ತಪ್ಪಿದರೆ ಪಕ್ಕದ ಮನೆಯವರ ಬಾಕಿ ತೀರುತ್ತದೆ.

ಒಪ್ಪಿಗೆಯಾಗದಿದ್ದರೆ

ಅಳತೆ ತಪ್ಪಿದ್ದರೆ, ಬಳಕೆ ತಪ್ಪಿದ್ದರೆ, ಇಲ್ಲದ ಬಾಕಿ ತೋರಿಸಿದ್ದರೆ ಕೌಂಟರಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ. ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅಥವಾ ಪಟ್ಟಣದ ಮುಖ್ಯಾಧಿಕಾರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ, ಒಂದು ಪುಟದ ಆಕ್ಷೇಪಣೆ ಬರೆಯಿರಿ. ಹಳೆಯ ರಸೀದಿಗಳ ಪ್ರತಿ ಮತ್ತು ಮನೆಯ ಫೋಟೊ ಲಗತ್ತಿಸಿ, ಸ್ಥಳ ಪರಿಶೀಲನೆಗೆ ಬರಬೇಕೆಂದು ಕೇಳಿ, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.

ಬೀದಿ ದೀಪ, ನೀರು, ಚರಂಡಿಯ ಪ್ರಶ್ನೆಗಳಿಗೆ ವಾರ್ಡ್ ಸಭೆ ಮತ್ತು ಗ್ರಾಮಸಭೆ ಇವೆ. ‘ನಮ್ಮ ವಾರ್ಡಿನ ತೆರಿಗೆ ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು, ಅದರಲ್ಲಿ ನಮ್ಮ ರಸ್ತೆಗೆ ಖರ್ಚಾದದ್ದು ಎಷ್ಟು’ ಎಂದು ಒಬ್ಬರು ಎದ್ದು ನಿಂತು ಕೇಳಿದರೆ ಆ ಪುಸ್ತಕ ಮೇಜಿನ ಮೇಲೆ ಬರಲೇಬೇಕಾಗುತ್ತದೆ. ಕಳೆದ ಗ್ರಾಮಸಭೆಯಲ್ಲಿ ಹಾಗೆ ಕೇಳಿದ್ದು ನನ್ನ ಅಪ್ಪ. ಕೈಯಲ್ಲಿ ಅವರ ಹೆಸರಿನ ಮೊದಲ ರಸೀದಿ ಇತ್ತು, ಮೂಗಿನ ಮೇಲೆ ಕನ್ನಡಕವೂ ಇತ್ತು.